ಸ್ಪಿಟ್‌ಫೈರ್‌ ಕಾರಿನ ಮುಂದಿನ ಬುಷ್‌ ಬದಲಿಸುವ ಕ್ರಮ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಗಿರಿಯ ಕಡೆ ಏರುವಾಗ ಗುಂಡಿಯಲ್ಲಿ ಇಳಿದ ಚಕ್ರದ ಬಳಿ ಟಕ್ಕೆಂದು ಸದ್ದಾಗುತ್ತಿದ್ದರೆ, ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ಮೊದಲು ವಿಶ್‌ಬೋನ್ ಬುಷ್‌ಗಳನ್ನು, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ಕವಲು ತೋಳುಗಳ ಬುಡದಲ್ಲಿರುವ ರಬ್ಬರ್ ಬುಷ್‌ಗಳನ್ನು, ನೋಡಬೇಕು. ತೋಳು ಮತ್ತು ಬ್ರಾಕೆಟ್ಟಿನ ನಡುವೆ ಸಣ್ಣ ಹಾರೆಯನ್ನಿಟ್ಟು ಮೀಟಿದಾಗ ತೋಳು ಸಲೀಸಾಗಿ ಸರಿದರೆ ರಬ್ಬರ್ ಮುಗಿದಿದೆ ಎಂದೇ ಅರ್ಥ. ನಾನು ಬಿಚ್ಚಿದ ಹಳೆಯ ಬುಷ್ಷಿನ ಬಿರುಕುಗಳಲ್ಲಿ ತೋಟದ ಕೆಮ್ಮಣ್ಣು ಪದರಪದರವಾಗಿ ಗಟ್ಟಿಕಟ್ಟಿತ್ತು. ಒಳಗಿನ ಉಕ್ಕಿನ ಕೊಳವೆ ರಬ್ಬರನ್ನು ಬಿಟ್ಟು ಬೆರಳಿಗೇ ತಿರುಗುತ್ತಿತ್ತು.

1962ರಿಂದ 1980ರವರೆಗೆ ತಯಾರಾದ ಟ್ರಯಂಫ್ ಸ್ಪಿಟ್‌ಫೈರ್‌ನ ಮುಂದಿನ ಸಸ್ಪೆನ್ಷನ್ ಅದೇ ಕಂಪನಿಯ ಹೆರಾಲ್ಡ್ ಕಾರಿನಿಂದ ಬಂದದ್ದಾದ್ದರಿಂದ, ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರಿಗೂ ಕೆಲಸದ ಕ್ರಮ ಬಹುಮಟ್ಟಿಗೆ ಇದೇ. ಪ್ರತಿ ಬದಿಯಲ್ಲಿ ಮೇಲೆ ಎರಡು, ಕೆಳಗೆ ಎರಡು, ಎರಡೂ ಬದಿ ಸೇರಿ ಒಟ್ಟು 8 ಬುಷ್‌ಗಳಿರುತ್ತವೆ. ಒಂದು ಹೋಗಿದ್ದರೂ ಎಂಟನ್ನೂ ಬದಲಿಸುವುದು ಸರಿ.

ಮಲೆನಾಡಿನ ಮಳೆಗೆ ಬೋಲ್ಟುಗಳು ತುಕ್ಕು ಹಿಡಿದು ಕೊಳವೆಯೊಳಗೇ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಕಾರನ್ನು ಸಮತಟ್ಟಾದ ಸಿಮೆಂಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಚಾಸಿಯನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರಿಯ ಜಾಕ್ ಅಥವಾ ಹಾಲೋ ಬ್ಲಾಕ್ ನಂಬಿ ಕೆಳಗೆ ನುಗ್ಗಬಾರದು. ಈ ಕಾರಿನ ಬಾನೆಟ್ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ವಾಲುವುದರಿಂದ ಮೇಲಿನ ಬೋಲ್ಟುಗಳು ಕೈಗೆ ನೇರವಾಗಿ ಸಿಗುತ್ತವೆ.

ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆ್ಯಂಟಿ ರೋಲ್ ಬಾರ್ ಕೊಂಡಿಯನ್ನು ಕಳಚಿ, ಶಾಕ್ ಅಬ್ಸಾರ್ಬರನ್ನು ಸ್ಪ್ರಿಂಗ್ ಸಮೇತ ಇಡಿಯಾಗಿ ಹೊರತೆಗೆಯಿರಿ. ಮೇಲೆ ಸುತ್ತಲೂ ಇರುವ ಮೂರು ನಟ್‌ಗಳನ್ನೂ ಕೆಳಗಿನ ಬೋಲ್ಟನ್ನೂ ಮಾತ್ರ ಬಿಚ್ಚಬೇಕು. ನಡುವಿನ ನಟ್‌ ಮುಟ್ಟಲೇಬಾರದು, ಏಕೆಂದರೆ ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೇ. ತೋಳುಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಿ. ಬ್ರೇಕ್ ಹೋಸ್ ಮೇಲೆ ಭಾರ ಬೀಳದಂತೆ ಚಕ್ರ ಕೂರುವ ಹಬ್ಬನ್ನು ತಂತಿಯಿಂದ ಕಟ್ಟಿ. ಕೆಳಗಿನ ಬ್ರಾಕೆಟ್ಟನ್ನೂ ತೆಗೆಯಬೇಕಾದರೆ ಅದರ ಹಿಂದಿನ ಶಿಮ್‌ಗಳು (ತೆಳು ಲೋಹದ ಬಿಲ್ಲೆಗಳು) ಎಲ್ಲಿ ಎಷ್ಟಿದ್ದವೆಂದು ಬರೆದಿಟ್ಟುಕೊಳ್ಳಿ, ಚಕ್ರದ ವಾಲು ಅವುಗಳಿಂದಲೇ ನಿರ್ಧಾರವಾಗುತ್ತದೆ. ಬಿಚ್ಚಿದ ಹೊತ್ತಿಗೇ ಟ್ರನಿಯನ್ನಿಗೆ, ಅಂದರೆ ಕೆಳತೋಳಿನ ಹೊರತುದಿಯ ಕೀಲಿಗೆ, ಇಪಿ 90 ಗೇರ್ ಎಣ್ಣೆ ತುಂಬಿ, ಗ್ರೀಸ್ ಸಲ್ಲದು.

ಹಳೆಯ ಬುಷ್ಷನ್ನು ವೈಸಿನಲ್ಲಿ ಎರಡು ಸಾಕೆಟ್‌ಗಳ ನಡುವೆ, ತಳ್ಳುವ ಬದಿಗೆ ಚಿಕ್ಕದು, ಹೊರಬರುವ ಬದಿಗೆ ದೊಡ್ಡದು ಇಟ್ಟು ಒತ್ತಿ ಹೊರಡಿಸಬಹುದು. ಬೆಂಕಿ ತೋರಿಸಿ ಸುಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಆ ಹೊಗೆ ಎದೆಗೆ ಕೆಡುಕು. ಬುಷ್‌ ಕೂರುವ ತೋಳಿನ ತೂತಿನ ಒಳಮೈಯ ತುಕ್ಕನ್ನು ಉಜ್ಜಿ ತೆಗೆದು, ಸೋಪಿನ ನೀರು ಹಚ್ಚಿ, ಹೊಸ ಬುಷ್‌ ಎರಡೂ ಬದಿಗೆ ಸಮನಾಗಿ ಚಾಚುವಂತೆ ಒತ್ತಬೇಕು. ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಕೆಡುತ್ತದೆ. ಪಾಲಿಯುರೆಥೇನ್ ಬುಷ್‌ಗಳೂ ಸಿಗುತ್ತವೆ, ಆದರೆ ಅವು ಗಡುಸು. ನಮ್ಮ ತೋಟದ ರಸ್ತೆಗಳಿಗೆ ರಬ್ಬರೇ ಮೇಲೆಂಬುದು ನನ್ನ ಅಭಿಪ್ರಾಯ.

ಜೋಡಿಸುವಾಗ ಒಳಬದಿಯ ಬೋಲ್ಟುಗಳನ್ನು ಸಡಿಲವಾಗಿಯೇ ಬಿಡಬೇಕು. ರಬ್ಬರ್ ಬುಷ್‌ ಬೇರಿಂಗಿನಂತೆ ತಿರುಗುವುದಿಲ್ಲ. ಒಳಗಿನ ಕೊಳವೆ ಬ್ರಾಕೆಟ್ಟಿಗೆ ಬಿಗಿದು ನಿಂತಿರುತ್ತದೆ, ಹೊರಮೈ ತೋಳಿನೊಂದಿಗೆ ಹೋಗುತ್ತದೆ, ನಡುವಿನ ರಬ್ಬರ್ ಹುರಿಗೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಚಕ್ರ ಜೋತಾಡುತ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಗಳಿಗೆಯಿಂದ ರಬ್ಬರ್ ಸದಾ ಹುರಿಗೊಂಡೇ ಇರುತ್ತದೆ. ಮೊದಲ ಸಲ ನಾನು ಹಾಗೆ ಬಿಗಿದಿದ್ದೆ. ಒಂದೇ ಮಳೆಗಾಲದಲ್ಲಿ ಹೊಸ ರಬ್ಬರ್ ಕೊಳವೆಯ ಅಂಚಿನುದ್ದಕ್ಕೂ ಹರಿದಿತ್ತು. ಆದ್ದರಿಂದ ಸಮದಪ್ಪದ ಗಟ್ಟಿ ಹಲಗೆಗಳ ಮೇಲೆ ನಾಲ್ಕೂ ಚಕ್ರಗಳನ್ನು ಇಳಿಸಿ, ಕಾರನ್ನು ಒಂದಿಷ್ಟು ಹಿಂದೆ ಮುಂದೆ ತಳ್ಳಿ, ಮುಂಭಾಗವನ್ನು ಕೆಲವು ಸಲ ಅದುಮಿ ಬಿಟ್ಟು, ಸೀಟುಗಳಲ್ಲಿ ಇಬ್ಬರು ಕೂತಷ್ಟು ಭಾರವಿರಿಸಿದ ಮೇಲೆ ಟಾರ್ಕ್ ಪಾನಾದಿಂದ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಯಬೇಕು.

ನೂರಿನ್ನೂರು ಕಿಲೋಮೀಟರ್ ಓಡಿದ ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ.