ಹಳೇ ನಾಡದೋಣಿಗೆ 9.9 ಎಚ್‌ಪಿಯ ಪೆಟ್ರೋಲ್ ಎಂಜಿನ್: ನನ್ನ ಅನುಭವ

ಮಳೆಗಾಲ ಕಳೆಯಿತು, ಎಂಜಿನ್ ಇನ್ನೂ ಓಡುತ್ತಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಕುಂದಾಪುರದ ಹತ್ತಿರದ ಗಂಗೊಳ್ಳಿ ಕಡೆ ಮೀನಿಗೆ ಕಂತಬಲೆ ಹಾಕುವ ದೋಣಿಗೆ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಕೂರಿಸುತ್ತೇನೆ ಎಂದಾಗ, "ಹ್ವಾಯ್, ಇದ್ ಬೈಕ್ ಅಲ್ಲ ಮರ್ರೆ, ದೋಣಿ" ಎಂದು ನಕ್ಕವರಿದ್ದರು. ಅವರೇ ಈಗ ಸಂಜೆ ಹೊತ್ತು ಬಂದು ಫ್ಯಾನಿನ (ನೀರು ತಳ್ಳುವ ಪ್ರೊಪೆಲ್ಲರ್) ಸೈಜ್ ಕೇಳುತ್ತಾರೆ. ಸೈಜ್ ಹೇಳುತ್ತೇನೆ. ಎಲ್ಲವನ್ನೂ ಹೇಳುವುದಿಲ್ಲ.

ನನ್ನದು 22 ಅಡಿಯ ಫೈಬರ್ ದೋಣಿ, ಇಪ್ಪತ್ತು ವರ್ಷದ ಹತ್ತಿರ ಹಳೆಯದು. ಇದ್ದದ್ದು 8 ಎಚ್‌ಪಿಯ ಟೂ ಸ್ಟ್ರೋಕ್ ಸೀಮೆಎಣ್ಣೆ ಎಂಜಿನ್. ಎಂಜಿನ್ ಮೇಲೆ ನನಗೆ ದೂರಿಲ್ಲ, ಮೂರು ಸಲ ಬಿಚ್ಚಿ ಕಟ್ಟಿದರೂ ಓಡಿತು. ತಕರಾರು ಸೀಮೆಎಣ್ಣೆಯದ್ದು. ರೇಷನ್ ಸೀಮೆಎಣ್ಣೆ ಬಂದ ತಿಂಗಳು ಸರಿ, ತಡವಾದ ತಿಂಗಳು ಹೊರಗಿನದ್ದನ್ನು ಕೊಂಡು ಸುರಿಯಬೇಕು. ದಿನಕ್ಕೆ 14-15 ಲೀಟರ್ ಕುಡಿಯುತ್ತಿತ್ತು. ಅದರ ಜೊತೆ ಸ್ಟಾರ್ಟ್ ಮಾಡಲು ಪೆಟ್ರೋಲ್, ಮಿಕ್ಸ್ ಮಾಡಲು ಆಯಿಲ್, ವಾರಕ್ಕೊಮ್ಮೆ ಪ್ಲಗ್. ಕೊನೆಗೆ ಕ್ರ್ಯಾಂಕ್ ಬೇರಿಂಗ್ ಹೋಯಿತು. ಮೆಕ್ಯಾನಿಕ್ 28 ಸಾವಿರ ಎಂದ. ಅಲ್ಲಿಗೆ ಸಾಕಾಯಿತು.

ಮೊದಲು ಒಂದು ಸೆಕೆಂಡ್ ಹ್ಯಾಂಡ್ ಎಂಜಿನ್ ತಂದೆ. 55 ಸಾವಿರ ಕೊಟ್ಟ ನೆನಪು. ಡ್ರಮ್ಮಿನ ನೀರಿನಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು, ಎಂಜಿನ್ ತಂಪು ಮಾಡಿ ಹೊರಬೀಳುವ ನೀರಿನ ಪಿಚಕಾರಿಯೂ ಜೋರಾಗಿಯೇ ಬರುತ್ತಿತ್ತು. ಸಮುದ್ರಕ್ಕಿಳಿದ ಎರಡನೇ ವಾರ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿತು, ಎಂದರೆ ಒಳಗೆ ನೀರು ಹೋಗಿದೆ. ಸೀಲ್ ಹಾಕಿಸಿದೆ, ಮತ್ತೆ ಬಿಳಿ. ಬಿಚ್ಚಿ ನೋಡಿದರೆ ಸೀಲ್ ಕೂರುವ ಜಾಗವನ್ನೇ ಉಪ್ಪು ತಿಂದಿತ್ತು, ಮೇಲಿಂದ ಹೊಸ ಪೇಂಟ್ ಬಳಿದಿದ್ದರು. ರಿಪೇರಿ ಸೇರಿ 70 ಸಾವಿರ ದಾಟಿತು. ಕೊನೆಗೆ ಬಿಡಿ ಭಾಗಕ್ಕೆಂದು 20 ಸಾವಿರಕ್ಕೆ ಮಾರಿದೆ. ಹಳೇ ಎಂಜಿನ್ ನೋಡಲು ಹೋಗುವವರು ಅದರ ಸದ್ದು ಆಮೇಲೆ ಕೇಳಿ. ಮೊದಲು ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿ ಆಯಿಲಿನ ಬಣ್ಣ ನೋಡಲು ಬಿಡುತ್ತಾರೋ ನೋಡಿ. ಬಿಡದಿದ್ದರೆ ಮನೆಗೆ ಬನ್ನಿ.

ಆಮೇಲೆ ಎಚ್‌ಪಿ ಚರ್ಚೆ. ದಡದಲ್ಲಿ ಎಲ್ಲರೂ 25 ಹಾಕು ಅಂದರು. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, 10 ಎಚ್‌ಪಿವರೆಗಿನ ಎಂಜಿನ್ನಿನ ನಾಡದೋಣಿ ಮಾತ್ರ ಇಳಿಯಬಹುದು. ದೊಡ್ಡ ಬೋಟುಗಳು ದಡ ಹಿಡಿದಾಗಲೇ ಅಲ್ವಾ ನಮ್ಮ ಸಿಗಡಿಗೆ ರೇಟು? 25 ಹಾಕಿ ಆ ಎರಡು ತಿಂಗಳು ದಡದಲ್ಲಿ ಕೂರಲೇ? ಅಲ್ಲದೆ ಬಲೆ, ಐಸು, ಮೂರು ಜನ ತುಂಬಿದ ಈ ದೋಣಿ ನೀರು ಸೀಳಿ ಹೋಗುವಂಥದ್ದು, ನೀರಿನ ಮೇಲೆ ಹಾರುವಂಥದ್ದಲ್ಲ. ಗಂಟೆಗೆ 12 ಕಿಲೋಮೀಟರ್ ಆದ ಮೇಲೆ ಎಷ್ಟು ಎಚ್‌ಪಿ ಕೊಟ್ಟರೂ ಹಿಂದೆ ಅಲೆ ದೊಡ್ಡದಾಗುತ್ತದೆ, ಅಷ್ಟೆ.  

10ರೊಳಗೇ ಇರುವ 9.9 ಎಂದು ತೀರ್ಮಾನವಾಯಿತು. ಉಳಿದದ್ದು ತೂಕ. ಹಳೆಯದು 27 ಕೆಜಿ ಇತ್ತು, ಫೋರ್ ಸ್ಟ್ರೋಕ್ 42ರ ಆಸುಪಾಸು. ಹಿಂದೆ 15 ಕೆಜಿ ಜಾಸ್ತಿಯಾದರೆ ಹಿಂಭಾಗ ಮುಳುಗುತ್ತದೆ ಎಂಬುದೇ ಎಲ್ಲರ ವಾದ. ಬಾಯಿಮಾತಿಗಿಂತ ನೋಡಿಯೇ ಬಿಡೋಣ ಎಂದು ಹಳೇ ಎಂಜಿನ್ ಪಕ್ಕಕ್ಕೆ 15 ಕೆಜಿ ಮರಳಿನ ಚೀಲ ಕಟ್ಟಿ ಒಂದು ವಾರ ದೋಣಿಯನ್ನು ಹೊಳೆಯಲ್ಲಿಟ್ಟು ನೋಡಿದೆ. ಒಂದಿಂಚು ತಗ್ಗಿತು. ಪೆಟ್ರೋಲ್ ಟ್ಯಾಂಕ್ ಮತ್ತು ಐಸ್ ಬಾಕ್ಸನ್ನು ಮುಂದಕ್ಕೆ ಸರಿಸಿದಾಗ ಆ ಒಂದಿಂಚೂ ವಾಪಸ್ ಬಂತು. ಮರಳು ಚೀಲದ ಕಥೆ ಈಗಲೂ ದಡದಲ್ಲಿ ಓಡುತ್ತಿದೆ. ಓಡಲಿ.

ಎಂಜಿನ್ ಕೂರುವ ಹಿಂದಿನ ಹಲಗೆಯನ್ನು ಮಾತ್ರ ಸುತ್ತಿಗೆಯಿಂದ ತಟ್ಟಿ ನೋಡಿ. ನನ್ನದು ಎಡಬದಿಯಲ್ಲಿ ಟೊಳ್ಳು ಸದ್ದು ಕೊಟ್ಟಿತು. ಸಣ್ಣ ತೂತು ಕೊರೆದರೆ ಕಪ್ಪು ನೀರು ಇಳಿಯಿತು. ಫೈಬರ್ ಗಟ್ಟಿಯಿದ್ದರೂ ಒಳಗಿನ ಪ್ಲೈವುಡ್ ಪೂರ್ತಿ ಕೊಳೆತಿತ್ತು. ಅದನ್ನು ಕಿತ್ತು, ಎರಡು ಪದರ ಮರೀನ್ ಪ್ಲೈ ಅಂಟಿಸಿ, ಫೈಬರ್ ಮ್ಯಾಟ್ ಮತ್ತು ರೆಸಿನ್ ಹಾಕಿಸಿದೆ. 14 ಸಾವಿರ ಆಯಿತು. ಇದನ್ನು ಬಿಟ್ಟು ಹೊಸ ಎಂಜಿನ್ ತಂದಿದ್ದರೆ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗ) ಮೊದಲ ಹೊಡೆತಕ್ಕೆ ಹಲಗೆ ಸಮೇತ ನೀರಿಗೆ ಹೋಗುತ್ತಿತ್ತು.

ಹಲಗೆಯ ಎತ್ತರ ನನ್ನದು 18 ಇಂಚು. ಶಾಫ್ಟ್ ಎಂದರೆ ಎಂಜಿನ್ನಿನಿಂದ ಫ್ಯಾನಿಗೆ ಇಳಿಯುವ ಕಾಲು. ನನ್ನ ಹಲಗೆ ಅತ್ತ 15 ಇಂಚಿನ ಶಾರ್ಟ್ ಶಾಫ್ಟಿಗೂ ಅಲ್ಲ, ಇತ್ತ 20ರ ಲಾಂಗ್ ಶಾಫ್ಟಿಗೂ ಅಲ್ಲ. ಅಂಗಡಿಯವರು ಸ್ಟಾಕಿನಲ್ಲಿದ್ದ ಶಾರ್ಟನ್ನೇ ಕೊಡಲು ನೋಡಿದರು. ನಾನು ಒಪ್ಪಲಿಲ್ಲ. ಅಳಿವೆಯಲ್ಲಿ ಅಲೆ ಹಿಂದಿನಿಂದ ಎತ್ತಿದಾಗ ಶಾರ್ಟ್ ಶಾಫ್ಟಿನ ಫ್ಯಾನು ಗಾಳಿ ಎಳೆದು ಕಿರುಚುತ್ತದೆ. ದೋಣಿಗೆ ಓಟ ಬೇಕಾದ ಹೊತ್ತಿಗೇ ಓಟ ಇರುವುದಿಲ್ಲ. ಹಲಗೆ ಹೊಸದಾಗಿ ಕಟ್ಟುವಾಗಲೇ ಎರಡು ಇಂಚು ಏರಿಸಿ ಲಾಂಗ್ ಹಾಕಿಸಿದೆ. ಲೋಡ್ ಇದ್ದಾಗ ಫ್ಯಾನಿನ ಮೇಲಿನ ತಟ್ಟೆ ದೋಣಿಯ ತಳಕ್ಕಿಂತ ಎಷ್ಟು ಕೆಳಗಿರಬೇಕು ಎಂದು ಪುಸ್ತಕದಲ್ಲಿದೆ. ನಾನು ಇಟ್ಟದ್ದು ಸ್ವಲ್ಪ ಬೇರೆ. ಅದು ನನ್ನ ಹತ್ತಿರವೇ ಇರಲಿ.

ಎಂಜಿನ್‌ಗೆ 2 ಲಕ್ಷ 20 ಸಾವಿರದ ಹತ್ತಿರ ಆಯಿತು. ಸ್ವಲ್ಪ ಸಂಘದ ಸಾಲ, ಸ್ವಲ್ಪ ಮನೆಯವರ ಬಳೆ. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್, ಡೀಸೆಲ್‌ಗೆ ಬರುವವರಿಗೆ 50 ಸಾವಿರ ಸಹಾಯಧನ ಎಂದು 2023ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದ್ದರು. ಈಗಲೂ ಕೊಡುತ್ತಾರೋ ವಿಚಾರಿಸಿ ಅರ್ಜಿ ಹಾಕಿ. ಆದರೆ ಆ ಹಣ ಕೈಯಲ್ಲಿದೆ ಎಂದುಕೊಂಡು ಸಾಲದ ಕಂತು ಲೆಕ್ಕ ಹಾಕಬೇಡಿ.

ಹೊಸ ಎಂಜಿನ್ ಬಂದ ಮೊದಲ ವಾರ ನನಗೇ ಬೇಸರ ಬಂತು. ಖಾಲಿ ದೋಣಿ ಚೆನ್ನಾಗಿ ಹೋಗುತ್ತದೆ, ಬಲೆ ತುಂಬಿದರೆ ಎಂಜಿನ್ ಗೊಣಗುತ್ತದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ, ಪ್ಲಗ್ ವೈರಿಗೆ ಸುತ್ತುವ ಆರ್‌ಪಿಎಂ ಮೀಟರ್ ಒಂದನ್ನು ಸಾವಿರ ರೂಪಾಯಿಗೆ ತರಿಸಿದೆ. ಫುಲ್ ಕೊಟ್ಟರೂ 4,400 ದಾಟುತ್ತಿಲ್ಲ. 5,000ದಿಂದ 6,000ದೊಳಗೆ ಬರಬೇಕಿತ್ತು. ಜೊತೆಗೆ ಬಂದ ಫ್ಯಾನು 11 ಇಂಚು ಪಿಚ್‌ನದು (ಒಂದು ಸುತ್ತಿಗೆ ಫ್ಯಾನು ಮುಂದೆ ಸಾಗಬೇಕಾದ ಲೆಕ್ಕದ ದೂರವೇ ಪಿಚ್), ಹಗುರ ದೋಣಿಗೆ ಸರಿ. 8ರದ್ದು ಹಾಕಿದೆ, 5,000 ದಾಟಿತು. ಸದ್ದೇ ಬದಲಾಯಿತು. ಇಳಿತದ ನೀರಿನ ವಿರುದ್ಧ ಬಲೆ ತುಂಬಿಕೊಂಡು ಬರುವಾಗ ಪಕ್ಕದ ಸೀಮೆಎಣ್ಣೆ ದೋಣಿಯನ್ನು ಹಿಂದೆ ಹಾಕಿದ ದಿನ ನಾನು ಸುಮ್ನೆ ಮುಂದೆ ನೋಡಿಕೊಂಡು ಬಂದೆ. ಅವರು ನೋಡುತ್ತಿದ್ದರು. ಹಳೇ ಫ್ಯಾನಿನ ರೆಕ್ಕೆಯನ್ನೂ 9ಕ್ಕೆ ಬಗ್ಗಿಸಿಕೊಂಡಿದ್ದೇನೆ. ಬಗ್ಗಿಸಿ ಕೊಡುವವರು ಯಾರೆಂದು ಕೇಳಬೇಡಿ, ಅವರಿಗೆ ಈಗಲೇ ಪುರುಸೊತ್ತಿಲ್ಲ.

ನಡುವೆ ಕರೆಂಟ್ ಮೋಟರನ್ನೂ ನೋಡಿದೆ. ಪರಿಚಯದವರ ಸಣ್ಣ ಟ್ರೋಲಿಂಗ್ ಮೋಟರ್, ಇ-ರಿಕ್ಷಾದ 100 ಎಎಚ್ ಬ್ಯಾಟರಿ. ಹೊಳೆಯಲ್ಲಿ ಕಾಣೆ ಮೀನಿಗೆ ಬಲೆ ಬಿಡಲು ಬಹಳ ಚಂದ, ಸದ್ದೇ ಇಲ್ಲ. ಒಂದು ಗಂಟೆಗೆ ಬ್ಯಾಟರಿ ಸುಸ್ತು. ಇಳಿತ ಜೋರಾದಾಗ ನಿಂತಲ್ಲೇ ನಿಂತೆವು. ಸಮುದ್ರಕ್ಕೆ ಅದು ಸದ್ಯಕ್ಕೆ ಬೇಡ.

ಪೆಟ್ರೋಲಿನ ನಿಜವಾದ ತಲೆನೋವು ಎಥೆನಾಲ್. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಸೇರಿದ್ದು. ಅದು ನೀರು ಹೀರುತ್ತದೆ. ನೀರು ಹೆಚ್ಚಾದರೆ ಅದರ ಸಮೇತ ಎಥೆನಾಲ್ ಬೇರೆಯಾಗಿ ತಳಕ್ಕೆ ಕೂರುತ್ತದೆ. ಒಂದು ವಾರ ದೋಣಿ ಇಳಿಸದಿದ್ದಾಗ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು, ಜೆಟ್, ಕಟ್ಟಿಕೊಂಡಿತು. ಈಗ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿದ್ದೇನೆ, 1,500 ಇರಬೇಕು. ದಡಕ್ಕೆ ಬರುವಾಗ ಪೆಟ್ರೋಲ್ ಪೈಪ್ ಕಳಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸುತ್ತೇನೆ. ಉಳಿದ ಪೆಟ್ರೋಲ್ ಬೈಕಿಗೆ.

ಜುಲೈಯಲ್ಲಿ ಅಳಿವೆ ಬಾಯಿಯಲ್ಲಿ ಅಲೆ ಹಿಂದಿನಿಂದ ಏರಿ ಎಂಜಿನ್ ಪೂರ್ತಿ ನೀರಲ್ಲಿ ಮುಳುಗಿತು. ಫೋರ್ ಸ್ಟ್ರೋಕ್ ಮುಳುಗಿದರೆ ಮುಗಿಯಿತು ಎನ್ನುವುದು ಎಲ್ಲರ ಖಾತ್ರಿ. ಅವತ್ತೇ ಸಿಹಿನೀರಲ್ಲಿ ತೊಳೆದು, ಪ್ಲಗ್ ತೆಗೆದು ಹಗ್ಗ ಎಳೆದು ನೀರು ಹೊರಹಾಕಿ, ಆಯಿಲ್ ಬದಲಿಸಿದೆ. ಬಿಳಿ ಬಂತು. ಮತ್ತೆ ಬದಲಿಸಿದೆ. ಬಿಳಿ ಹೋಗುವವರೆಗೆ ಬದಲಿಸಿದೆ. ಆಯಿಲಿಗೇ ಸಾವಿರದೈನೂರು ಹೋಯಿತು. ಮರುದಿನ ಮಧ್ಯಾಹ್ನ ಸ್ಟಾರ್ಟ್ ಆಯಿತು. ರಾತ್ರಿ ಹಾಗೇ ಬಿಟ್ಟಿದ್ದರೆ ಆಗುತ್ತಿರಲಿಲ್ಲ, ಅದು ನಿಜ.

ಖರ್ಚಿನ ಲೆಕ್ಕ ಕೇಳುವವರಿಗೆ: ದಿನಕ್ಕೆ 8 ಲೀಟರ್ ಪೆಟ್ರೋಲ್, 800ರ ಮೇಲೆ ಸ್ವಲ್ಪ. ರೇಷನ್ ಸೀಮೆಎಣ್ಣೆ ಸಿಕ್ಕ ದಿನ ಹಳೇ ಎಂಜಿನ್ನೇ ಅಗ್ಗ, ಸುಳ್ಳು ಹೇಳುವುದಿಲ್ಲ. ಹೊರಗಿನ ಸೀಮೆಎಣ್ಣೆ ಆದರೆ ಅದು 1,200 ದಾಟುತ್ತಿತ್ತು. ಇನ್ನೊಂದು ಕಷ್ಟವೂ ಉಂಟು. ಹಳೆಯದನ್ನು ಒಬ್ಬನೇ ಹೆಗಲ ಮೇಲೆ ಮನೆಗೆ ತರುತ್ತಿದ್ದೆ, ಇದಕ್ಕೆ ತಮ್ಮನ ಮಗ ಬೇಕು. ಮಲಗಿಸುವುದಕ್ಕೂ ಒಂದೇ ಬದಿ, ತಪ್ಪಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಆ ಬದಿಗೆ ಕೆಂಪು ಪೇಂಟ್ ಬಳಿದಿಟ್ಟಿದ್ದೇನೆ. ತರುವವರು ಬಿಲ್ ಜೋಪಾನವಾಗಿಡಿ, ಹೊಸ ಎಂಜಿನ್ ನಂಬರನ್ನು ದೋಣಿಯ ದಾಖಲೆಗೆ ಮೇ ತಿಂಗಳೊಳಗೆ ಸೇರಿಸಿಕೊಳ್ಳಿ. ಜೂನ್‌ನಲ್ಲಿ ಅದಕ್ಕೆ ಓಡಾಡುತ್ತಾ ಕೂತರೆ ಸಿಗಡಿ ಬೇರೆಯವರ ಬಲೆಗೆ.