ಕೋಳಿ ಸಾಕಿದೆ, ಆಮೇಲೆ ಮನೆ ವಿಮೆಯ ಕಾಗದ ಓದಿದೆ: ನನ್ನ ಅನುಭವ

ಕೋಳಿಗೂ ಮನೆ ವಿಮೆಗೂ ಏನು ಸಂಬಂಧ ಅಂತ ನಾನೂ ಕೇಳುತ್ತಿದ್ದೆ. ಹಿತ್ತಲಲ್ಲಿ ಆರು ಹೇಂಟೆ ಓಡಾಡಿಕೊಂಡಿದ್ದವು, ಎಂಟು ತಿಂಗಳು ಪಾಲಿಸಿಯ ನೆನಪೇ ಬರಲಿಲ್ಲ. ನೆನಪು ಬಂದಿದ್ದು ಹೊಟ್ಟು ಸುಟ್ಟ ವಾಸನೆ ಮೂಗಿಗೆ ಬಡಿದ ರಾತ್ರಿ.

ಎರಡನೇ ಸಲ ಮರಿ ತಂದಿದ್ದೆ. ಮನೆ ಗೋಡೆಗೆ ಅಂಟಿಕೊಂಡ ಶೆಡ್ಡಿನಲ್ಲಿ, ಅವುಗಳ ಪೆಟ್ಟಿಗೆಯ ಮೇಲೆ 250 ವಾಟಿನ ಕೆಂಪು ಬಲ್ಬು ಕ್ಲಿಪ್ ಹಾಕಿ ನಿಲ್ಲಿಸಿದ್ದೆ. ಮೊದಲ ವಾರ ಮರಿಗಳಿಗೆ ಹೆಚ್ಚುಕಡಿಮೆ 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು, ಹಾಗಾಗಿ ಬಲ್ಬು ರಾತ್ರಿಯಿಡೀ ಉರಿಯುತ್ತಲೇ ಇರುತ್ತದೆ. ಆ ದಿನ ಕ್ಲಿಪ್ ಜಾರಿ ಬಲ್ಬು ಓರೆಯಾಗಿ ನೇತಾಡುತ್ತಿತ್ತು. ಕೆಳಗಿನ ಮರದ ಹೊಟ್ಟು ಅಂಗೈ ಅಗಲಕ್ಕೆ ಕಪ್ಪಾಗಿ, ಅಂಚಿನಲ್ಲಿ ಸಣ್ಣಗೆ ಕೆಂಪಗಿತ್ತು. ಮರಿಗಳು ಇನ್ನೊಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಒಂದು ಚೊಂಬು ನೀರಿನಲ್ಲಿ ಮುಗಿಯಿತು. ಆದರೆ ಆ ಗೋಡೆಯ ಆಚೆ ಬದಿಗೆ ನಾವು ಮಲಗುವ ಕೋಣೆ.

ಮರುದಿನ ಬೆಳಿಗ್ಗೆ ಪಾಲಿಸಿ ತೆಗೆದು ಕೂತೆ. ಸಣ್ಣ ಅಕ್ಷರ ಓದೋಕೆ ಯಾರಿಗೂ ಇಷ್ಟ ಇಲ್ಲ, ನನಗೂ ಇಲ್ಲ. ಎರಡು ಸಲ ಓದಿದರೂ 'ಕೋಳಿ' ಅನ್ನೋ ಪದ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು 'ಸಾಕುಪ್ರಾಣಿ', 'ಜಾನುವಾರು', 'ವ್ಯಾಪಾರ ಚಟುವಟಿಕೆ'. ನನ್ನ ಆರು ಹೇಂಟೆ ಇದರಲ್ಲಿ ಯಾವ ಗುಂಪಿಗೆ ಸೇರುತ್ತವೆ? ಇಡೀ ವಿಷಯ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಒಂದು ಕಂಪನಿ ಅದನ್ನು ನಾಯಿ ಬೆಕ್ಕಿನ ಸಾಲಿಗೆ ಹಾಕಬಹುದು, ಇನ್ನೊಂದು ಜಾನುವಾರು ಅಂತ ಹೊರಗಿಡಬಹುದು. ಸುಮ್ನೆ ಊಹಿಸಿ ಕೂರುವ ಬದಲು ಏಜೆಂಟರಿಗೆ ಫೋನ್ ಮಾಡಿದೆ.

ಅವರು ಮೊದಲು ಕೇಳಿದ್ದು ಎಷ್ಟು ಕೋಳಿ ಅಂತಲ್ಲ, "ಮೊಟ್ಟೆ ಮಾರ್ತೀರಾ?" ಅಂತ. ಮಾರುತ್ತಿದ್ದೆ. ವಾರಕ್ಕೆ ಒಂದೆರಡು ಡಜನ್, ಅಕ್ಕಪಕ್ಕದವರಿಗೆ, ಕೋಳಿ ಆಹಾರದ ಖರ್ಚು ಹುಟ್ಟಲಿ ಅಂತ. ಅದು ವ್ಯಾಪಾರ ಆಗುತ್ತದೆ ಅಂದರು. ಮನೆ ವಿಮೆ ಮನೆಗೆ, ವ್ಯಾಪಾರಕ್ಕಲ್ಲ. ಮೊಟ್ಟೆ ತಿಂದು ಯಾರಿಗಾದರೂ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆಯ ಸೋಂಕು ತಗುಲಿ ಅವರು ಪರಿಹಾರ ಕೇಳಿದರೆ, ದುಡ್ಡು ತಗೊಂಡು ಕೊಟ್ಟ ಮೊಟ್ಟೆ ಅನ್ನೋ ಕಾರಣಕ್ಕೇ ಕಂಪನಿ ಕೈ ಎತ್ತಬಹುದು. ಮಾರಲೇಬೇಕು ಅಂದರೆ ಅದಕ್ಕೇ ಅಂತ ಪಾಲಿಸಿಗೆ ಬೇರೆ ಸೇರ್ಪಡೆ ತಗೋಬೇಕು, ಪ್ರೀಮಿಯಂ ಜಾಸ್ತಿ. ವಾರದ ಎರಡು ಡಜನ್‌ಗೆ ಅದು ಯಾವ ಲೆಕ್ಕಕ್ಕೂ ಗಿಟ್ಟುವುದಿಲ್ಲ, ಹಾಗಾಗಿ ಮಾರೋದನ್ನೇ ನಿಲ್ಲಿಸಿದೆ.

ಆಮೇಲೆ ಗೂಡಿನ ಮಾತು ಬಂತು. ಮನೆಯಿಂದ ದೂರ, ಬಿಡಿಯಾಗಿ ನಿಂತ ಗೂಡು ನನ್ನ ಪಾಲಿಸಿಯಲ್ಲಿ 'ಇತರ ಕಟ್ಟಡ' ಅಂತ ಲೆಕ್ಕ, ಅದಕ್ಕೆ ಸಿಗುವ ಪರಿಹಾರಕ್ಕೆ ಬೇರೆ ಮಿತಿ ಇದೆ. ಬಿರುಗಾಳಿಗೆ ತಗಡು ಹಾರಿದರೆ ಕೇಳಬಹುದು. ಒಳಗಿದ್ದ ಕೋಳಿ ಸತ್ತರೆ ಕೇಳುವ ಹಾಗಿಲ್ಲ, ನಾಯಿ ಹಿಡಿದರೂ ಅಷ್ಟೇ, ರೋಗ ಬಂದರೂ ಅಷ್ಟೇ. ನನ್ನ ಕೋಳಿ ನನ್ನದೇ ಬಾಗಿಲು ಕುಕ್ಕಿ ಹಾಳು ಮಾಡಿದರೂ ಪೈಸೆ ಬರುವುದಿಲ್ಲ. ಸಾಕಿದವರ ಪ್ರಾಣಿ ಸಾಕಿದವರ ಸ್ವತ್ತಿಗೆ ಮಾಡಿದ ಹಾನಿ ಅಲ್ವಾ, ಅದು ಅವರ ತಲೆಮೇಲೇ. ಬೇರೆಯವರ ಸ್ವತ್ತಿಗೆ ಮಾಡಿದರೆ ಲೆಕ್ಕ ಬೇರೆ. ಇದು ಕೇಳಿದಾಗ ನನಗೆ ನೆನಪಾಗಿದ್ದು ಪಕ್ಕದ ಮನೆಯವರ ಕಾರು. ನಮ್ಮ ಕಪ್ಪು ಹೇಂಟೆ ಬೇಲಿ ಹಾರಿ ಅದರ ಬಾನೆಟ್ ಮೇಲೆ ಕೂತು ಇಳಿಯುವಾಗ ಜಾರಿ, ಮೂರು ಉಗುರಿನ ಗೆರೆ ಉದ್ದಕ್ಕೆ ಎಳೆದಿತ್ತು. ಅವರು ನಕ್ಕು ಸುಮ್ಮನಾಗಿದ್ದರು. ನಗದೇ ಇದ್ದಿದ್ದರೆ, ಕೋಳಿಯನ್ನು ಪಾಲಿಸಿಯಿಂದ ಹೊರಗಿಟ್ಟಿಲ್ಲ ಅನ್ನೋದಾದರೆ ಮಾತ್ರ, ಪಾಲಿಸಿಯ ಹೊಣೆಗಾರಿಕೆಯ ಭಾಗ, ಅಂದರೆ ನಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ಭಾಗ, ನನ್ನ ಸಹಾಯಕ್ಕೆ ಬರುತ್ತಿತ್ತು.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ನಾವಿರುವ ಜಾಗದಲ್ಲಿ ಕೋಳಿ ಸಾಕಲು ಅನುಮತಿ ಇದೆಯಾ, ಎಷ್ಟು ಸಾಕಬಹುದು, ಹುಂಜ ಇರಬಹುದಾ ಅನ್ನೋದನ್ನ ಮೊದಲು ನೋಡಿಕೊಳ್ಳಿ. ನಿಯಮ ಮೀರಿ ಸಾಕಿ, ವಿಮೆಯವರಿಗೂ ಹೇಳದೆ, ಕೊನೆಗೆ ಕ್ಲೇಮು ಹಾಕಿದರೆ ಜಗಳಕ್ಕೆ ನಾವೇ ಬಾಗಿಲು ತೆರೆದ ಹಾಗೆ.

ಫೋನಿನಲ್ಲಿ ಏಜೆಂಟ್ "ಆಗುತ್ತೆ ಬಿಡಿ, ಆರೇ ಅಲ್ವಾ" ಅಂದರು. ಒಳ್ಳೆಯವರು, ಆದರೆ ನಾಳೆ ಕ್ಲೇಮು ನೋಡುವುದು ಅವರಲ್ಲ. ಅದಕ್ಕೇ ಇಮೇಲ್ ಕಳಿಸಿದೆ: ಆರು ಹೇಂಟೆ, ಹುಂಜ ಇಲ್ಲ, ಮಾರಾಟ ಇಲ್ಲ, ಗೂಡಿನ ಅಳತೆ ಇಷ್ಟು, ಮನೆಯಿಂದ ಇಷ್ಟು ದೂರ, ಜೊತೆಗೆ ನಾಲ್ಕು ಫೋಟೋ. ಹತ್ತು ದಿನ ಬಿಟ್ಟು ಉತ್ತರ ಬಂತು. ಸಾಕುಪ್ರಾಣಿ ಅಂತ ಒಪ್ಪಿದ್ದಾರೆ, ಪ್ರೀಮಿಯಂ ಏರಿಲ್ಲ, ಗೂಡಿನಲ್ಲಿ ಕಾವಿನ ಬಲ್ಬು ಇರಬಾರದು ಅಂತ ಒಂದು ಷರತ್ತು. ಆ ಷರತ್ತು ನೋಡಿ ನನಗೆ ಸ್ವಲ್ಪ ನಾಚಿಕೆಯಾಯಿತು. ಆ ಉತ್ತರವನ್ನು ಪ್ರಿಂಟ್ ತೆಗೆದು ಪಾಲಿಸಿ ಜೊತೆಗೇ ಇಟ್ಟಿದ್ದೇನೆ.

ಈಗ ಮರಿಗಳಿಗೆ ಕಾವಿನ ಪ್ಲೇಟು ತಂದಿದ್ದೇನೆ. ನಾಲ್ಕು ಕಾಲಿನ ಪುಟ್ಟ ಮೇಜಿನ ಹಾಗಿದೆ, ಮರಿಗಳು ಅಮ್ಮನ ರೆಕ್ಕೆ ಕೆಳಗೆ ನುಗ್ಗುವ ಹಾಗೆ ಅದರಡಿ ನುಗ್ಗುತ್ತವೆ, ಆ ಬಲ್ಬಿನಷ್ಟು ವಿದ್ಯುತ್ತೂ ಬೇಕಿಲ್ಲ. ಪೆಟ್ಟಿಗೆಯನ್ನು ಮನೆ ಗೋಡೆಯಿಂದ ದೂರ ಸರಿಸಿದ್ದೇನೆ. ಕಪ್ಪು ಹೇಂಟೆ ಮತ್ತೆ ಬೇಲಿ ಹಾರದಿರಲಿ ಅಂತ ಅದರ ಒಂದು ಬದಿಯ ರೆಕ್ಕೆಯ ಗರಿಗಳ ತುದಿ ಕತ್ತರಿಸಿದ್ದೇನೆ. ಮೊಟ್ಟೆ ಹೆಚ್ಚಾದರೆ ಪಕ್ಕದ ಮನೆಗೆ ಹಾಗೇ ಕೊಡುತ್ತೇನೆ. ಅವರು ದುಡ್ಡು ಕೊಡಲು ಬಂದರೆ, ಖಾಲಿ ಟ್ರೇ ವಾಪಸ್ ಕೊಟ್ಟರೆ ಸಾಕು ಅನ್ನುತ್ತೇನೆ.