ಬ್ಲಾಕ್ ರಿಜೆಕ್ಟ್ ಆಗೋದು ನಿಂತಿದ್ದು ಹೇಗೆ: ನನ್ನ ಅನುಭವ

ಬ್ಲಾಕ್ ಅಂದರೆ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿದ್ದು. ಅದನ್ನು ಪರೀಕ್ಷೆ ಮಾಡಿಯೇ ರೋಗಿಯನ್ನು ಟ್ರಯಲ್‌ಗೆ ತಗೊಳ್ಳೋದು. ಟ್ರಯಲ್ ನಡೆಸುವ ನಮ್ಮ ಸೈಟಿನಲ್ಲಿ ಸ್ತನ ಕ್ಯಾನ್ಸರ್ ಟ್ರಯಲ್‌ಗಳ ಸ್ಕ್ರೀನ್ ಫೇಲ್ಯೂರ್, ಅಂದರೆ ಸೇರಲು ಬಂದು ಪರೀಕ್ಷೆಯ ಹಂತದಲ್ಲೇ ಹೊರಬೀಳುವವರು, ಒಂದು ಕಾಲಕ್ಕೆ ಅರ್ಧದ ಹತ್ತಿರ ಇತ್ತು. ಈಗ ಹತ್ತರಲ್ಲಿ ಒಂದೋ ಎರಡೋ. ಪ್ರೋಟೋಕಾಲ್ ಅದೇ, ಸೆಂಟ್ರಲ್ ಲ್ಯಾಬ್ ಅದೇ. "ಸ್ಟಡಿ ಕೋಆರ್ಡಿನೇಟರ್ ಆಗಿ ಊರೂರಿಗೆ ಬಕೆಟ್ ಹಂಚ್ತೀಯೇನಮ್ಮಾ" ಅಂತ ನಕ್ಕವರೇ ಈಗ ಫೋನ್ ಮಾಡಿ ಬಕೆಟ್ ಎಷ್ಟು ಲೀಟರಿನದು ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ.

ಹರ್-2 (ಕ್ಯಾನ್ಸರ್ ಕೋಶಗಳ ಮೇಲಿರುವ ಒಂದು ಪ್ರೋಟೀನ್) ಟ್ರಯಲ್ ನಡೆಸುವವರಿಗೆ ಈ ಗೋಳು ಗೊತ್ತೇ ಇರುತ್ತೆ. ಹೆಂಗಸು ತುಮಕೂರಿನಲ್ಲೋ ಹಿರಿಯೂರಿನಲ್ಲೋ ಆಪರೇಷನ್ ಮುಗಿಸಿಕೊಂಡು ಬೆಂಗಳೂರಿಗೆ ಬರುತ್ತಾರೆ. ಕನ್ಸೆಂಟ್ ಆಯ್ತು, ಹೃದಯದ ಎಕೋ ಆಯ್ತು, ರಕ್ತ ಹೋಯ್ತು. ಎರಡು ವಾರ ಕಾದ ಮೇಲೆ ಸೆಂಟ್ರಲ್ ಲ್ಯಾಬಿನಿಂದ ಒಂದು ಸಾಲು: ಬ್ಲಾಕ್ ಪರೀಕ್ಷೆಗೆ ಆಗಲ್ಲ. ಅವರಿಗೆ ಅದನ್ನು ಹೇಳಬೇಕಾದವಳು ನಾನು. ಸ್ಪಾನ್ಸರ್, ಅಂದರೆ ಟ್ರಯಲ್ ಮಾಡಿಸುವ ಕಂಪನಿ, ಸ್ಕ್ರೀನ್ ಫೇಲ್ಯೂರ್‌ಗೆ ಕೊಡೋದು ಒಂದು ಪಾಲು ಮಾತ್ರ. ಅದಕ್ಕೂ ಮಿತಿ ಇರುತ್ತೆ, ಎನ್‌ರೋಲ್ ಆದವರ ಲೆಕ್ಕ ನೋಡಿ ಕೊಡುತ್ತಾರೆ. ಮಿಕ್ಕಿದ್ದು ಡಿಪಾರ್ಟ್‌ಮೆಂಟಿನ ತಲೆ ಮೇಲೆ. ವರ್ಷಕ್ಕೆ ಲಕ್ಷದ ಮೇಲೇ ಹೀಗೆ ಸೋರಿ ಹೋಗ್ತಿತ್ತು ಅಂತ ನನ್ನ ಅಂದಾಜು.

ಎಲ್ಲರೂ ಪೆಥಾಲಜಿಯವರನ್ನು ಬೈಯುತ್ತಿದ್ದರು. ನಾನು ರಜೆ ಹಾಕಿ ಬಸ್ ಹತ್ತಿ ಆ ಊರುಗಳ ಓಟಿಗಳಿಗೇ (ಆಪರೇಷನ್ ಥಿಯೇಟರ್) ಹೋದೆ. ಅಲ್ಲಿ ಕಂಡಿದ್ದು ಕೇಳಿ. ಇಡೀ ಸ್ತನವನ್ನು ಉಪ್ಪಿನಕಾಯಿ ಬಾಟಲಿಗೆ ತುರುಕಿದ್ದಾರೆ, ಮೇಲೆ ಒಂದು ಬೆರಳಿನಷ್ಟು ಫಾರ್ಮಲಿನ್ (ತೆಗೆದ ಅಂಗ ಕೊಳೆಯದಂತೆ ಇಡುವ ದ್ರವ). ಇನ್ನೊಂದು ಕಡೆ ಬರೀ ಸಲೈನ್. ಮತ್ತೊಂದು ಕಡೆ ನೀರು ಬೆರೆಸದ ಗಟ್ಟಿ ಫಾರ್ಮಲಿನ್, ಹೊರಗೆಲ್ಲ ಚಪ್ಪಲಿಯ ಹಾಗೆ ಗಟ್ಟಿ, ಒಳಗೆ ಕೊಳೆತಿದೆ. ಫಾರ್ಮಲಿನ್ ಒಳಗಿಳಿಯೋದೇ ಗಂಟೆಗೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಸೀಳದೆ ಮುಳುಗಿಸಿದರೆ ನಡುವಿನ ಗಡ್ಡೆಗೆ ಅದು ಮುಟ್ಟೋದು ಯಾವಾಗ? ಅಂಥ ಬ್ಲಾಕಿನಲ್ಲಿ ಇಆರ್ (ಈಸ್ಟ್ರೋಜನ್ ರಿಸೆಪ್ಟರ್) ಸುಮ್ನೆ ನೆಗೆಟಿವ್ ಬಂದುಬಿಡುತ್ತೆ. ಟ್ರಯಲ್ ಹಾಗಿರಲಿ, ಇಆರ್ ಪಾಸಿಟಿವ್ ಆದರೆ ಆಕೆಗೆ ಸಿಗಬೇಕಾದ ಟಮಾಕ್ಸಿಫೆನ್ ಮಾತ್ರೆ ಕೂಡ ತಪ್ಪಿಹೋಗುತ್ತೆ.

ಮೊದಲು ಪೋಸ್ಟರ್ ಮಾಡಿಸಿದೆ. ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ, ಒಳಗೆ 6ರಿಂದ 72 ಗಂಟೆ, ದಪ್ಪಕ್ಷರದಲ್ಲಿ. ಒಂದು ಓಟಿಯಲ್ಲಿ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದರು. ಆಮೇಲೆ ಊಟ ಹಾಕಿಸಿ ಟ್ರೈನಿಂಗ್ ಇಟ್ಟೆವು, ಊಟಕ್ಕೆ ಎಲ್ಲರೂ ಬಂದರು. ನಡುವೆ ಒಂದು ಹುಚ್ಚೂ ಹಿಡಿಯಿತು. ಇಟಲಿಯ ಟ್ಯೂರಿನ್‌ನಲ್ಲಿ ತೆಗೆದ ಅಂಗವನ್ನು ವ್ಯಾಕ್ಯೂಮ್ ಕವರಿಗೆ ಹಾಕಿ 4 ಡಿಗ್ರಿಯಲ್ಲಿ ಲ್ಯಾಬಿಗೆ ಕಳಿಸುವ ಪದ್ಧತಿ ಮಾಡಿದ್ದಾರೆ ಅಂತ ಓದಿದ್ದೆ. ಸಿಹಿತಿಂಡಿ ಅಂಗಡಿಯವರು ಬಳಸುವ ಸೀಲಿಂಗ್ ಮಷಿನ್ ತಂದೆ, ಐದಾರು ಸಾವಿರ ಹೋಯ್ತು. ಕರೆಂಟ್ ಇದ್ದಾಗ ಚೆನ್ನಾಗೇ ಆಯ್ತು. ಆದರೆ ದಾರಿಯುದ್ದಕ್ಕೂ ತಂಪು ಇತ್ತು ಅಂತ ಯಾರು ಬರೆದುಕೊಡ್ತಾರೆ? ಕೈಬಿಟ್ಟೆ. ಮಷಿನ್ ಈಗ ನಮ್ಮ ಮನೆಯಲ್ಲಿ ಹಪ್ಪಳದ ಕೆಲಸಕ್ಕಿದೆ.

ಕೊನೆಗೆ ನಿಂತಿದ್ದು ಬಕೆಟ್ಟಿಗೆ. ಐದು ಲೀಟರಿನದು, ಅಗಲ ಬಾಯಿ, ಬಿಗಿ ಮುಚ್ಚಳ. ಅಂಗದ ಹತ್ತು ಪಟ್ಟು ಫಾರ್ಮಲಿನ್ ಬೇಕು ಅನ್ನುತ್ತಾರೆ, ಇಡೀ ಸ್ತನಕ್ಕೆ ಅದು ಆಗದ ಮಾತು. ಮೂರು ಲೀಟರ್ ಜೊತೆ ಒಂದು ಸೀಳು ಇದ್ದರೆ ನಡೆಯುತ್ತೆ. ಬಫರ್ ಹಾಕಿದ ಫಾರ್ಮಲಿನ್ ನಾವೇ ಬೆರೆಸಿ ತುಂಬಿ ಕಳಿಸುತ್ತೇವೆ: ಲೀಟರಿಗೆ 100 ಎಂಎಲ್ ಗಟ್ಟಿ ಫಾರ್ಮಲಿನ್, 900 ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಅಲ್ಲೇ ಬೆರೆಸಿಕೊಳ್ಳಿ ಅಂದರೆ ಯಾರೂ ಬೆರೆಸಲ್ಲ. ಎಲ್ಲ ಸೇರಿ ಒಂದಕ್ಕೆ ಇನ್ನೂರು ರೂಪಾಯಿ ಆಸುಪಾಸು. ಲೇಬಲ್ ಮುಚ್ಚಳಕ್ಕಲ್ಲ, ಬಕೆಟ್ಟಿನ ಮೈಗೆ. ಬರೆಯೋದು ಪೆನ್ಸಿಲ್‌ನಲ್ಲಿ, ಪೆನ್ ಇಂಕು ಅಳಿಸಿಹೋಗುತ್ತೆ. ಎರಡೇ ಖಾನೆ: ತೆಗೆದ ಸಮಯ, ಮುಳುಗಿಸಿದ ಸಮಯ.

ಸೀಳುವ ವಿಷಯಕ್ಕೆ ನಮ್ಮ ಪೆಥಾಲಜಿ ಮೇಡಂ ಮೊದಲು ಕೆಂಡವಾದರು. ಮಾರ್ಜಿನ್ (ಕ್ಯಾನ್ಸರ್ ಉಳಿದಿದೆಯಾ ಅಂತ ನೋಡುವ ಅಂಚು) ಹಾಳಾಗುತ್ತೆ ಅಂತ. ಕೊನೆಗೆ ಹೀಗೆ ಒಪ್ಪಂದವಾಯ್ತು. ಇಡೀ ಸ್ತನ ತೆಗೆದ ಮಾಸ್ಟೆಕ್ಟಮಿಗೆ ಮಾತ್ರ, ಹಿಂಭಾಗಕ್ಕೆ ಇಂಡಿಯನ್ ಇಂಕ್ ಹಚ್ಚಿ ಆ ಕಡೆಯಿಂದಲೇ ಗಡ್ಡೆಗೆ ಒಂದು ಸೀಳು, ಚರ್ಮ ತುಂಡಾಗಬಾರದು, ಸೀಳಿನೊಳಗೆ ಗಾಜ್ ತುಂಡು. ಗಡ್ಡೆಯಷ್ಟೇ ತೆಗೆದ ಲಂಪೆಕ್ಟಮಿಗೆ ಕತ್ತಿ ಹಚ್ಚುವಂತೆಯೇ ಇಲ್ಲ.

ಸ್ಪಾನ್ಸರ್ ಬಕೆಟ್ಟಿಗೆ ದುಡ್ಡು ಕೊಡಲಿಲ್ಲ, ಬಜೆಟ್ಟಿನಲ್ಲಿ ಅಂಥ ತಲೆಬರಹವೇ ಇಲ್ಲವಂತೆ. ಮೊದಲ ಕೆಲವು ತಿಂಗಳು ನನ್ನ ಕೈಯಿಂದಲೇ ಹೋಯ್ತು. ಎಥಿಕ್ಸ್ ಕಮಿಟಿಯಲ್ಲಿ ಒಬ್ಬರು, ರೋಗಿಗಳನ್ನು ಕಳಿಸಲಿ ಅಂತ ಡಾಕ್ಟರಿಗೆ ಕೊಡುವ ಉಡುಗೊರೆಯಾ ಇದು ಅಂತ ಕೇಳಿದರು. ಒಳ್ಳೆ ಪ್ರಶ್ನೆಯೇ. ಟ್ರಯಲ್ ಹೆಸರಿಲ್ಲ, ಲೋಗೋ ಇಲ್ಲ, ಎಲ್ಲ ಸ್ತನ ಕ್ಯಾನ್ಸರ್ ಆಪರೇಷನ್ನಿಗೂ ಕೊಡುತ್ತೇವೆ, ಆಕೆ ನಮ್ಮ ಹತ್ತಿರ ಬರದಿದ್ದರೂ ಸರಿ ಅಂತ ಬರೆದುಕೊಟ್ಟ ಮೇಲೆ ಬಿಟ್ಟರು.

ಸರ್ಜನ್‌ಗಳನ್ನು ಒಪ್ಪಿಸಲು ನನಗೆ ಸಿಕ್ಕ ಅಸ್ತ್ರ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಲಿಡೋಕೇನ್ (ಮರಗಟ್ಟಿಸುವ ಮದ್ದು) ಟ್ರಯಲ್. 2023ರಲ್ಲಿ ಪ್ರಕಟವಾಗಿದ್ದು, ಡಾ. ಬಡ್ವೆ ಅವರದು, ದೇಶದ 11 ಸೆಂಟರ್, 1,600ರ ಹತ್ತಿರ ಹೆಂಗಸರು. ಕತ್ತರಿಸುವ 7ರಿಂದ 10 ನಿಮಿಷ ಮುಂಚೆ ಗಡ್ಡೆಯ ಸುತ್ತ ಲಿಡೋಕೇನ್, ಅಷ್ಟೇ. ಐದು ವರ್ಷ ಬದುಕಿದವರು 86.4ರಿಂದ 90.1 ಪರ್ಸೆಂಟ್‌ಗೆ ಏರಿದರು. "ಡಾಕ್ಟ್ರೇ, ಅಗ್ಗದ ಕೆಲಸ ಅಂತ ನಗಬೇಡಿ" ಅಂದರೆ ಸಾಕಿತ್ತು. ಓಟಿ ಸಿಸ್ಟರ್‌ಗಳು ತಪ್ಪದೆ ಸಮಯ ಬರೆಯುವಂತೆ ಮಾಡಿದ್ದು ಹೇಗೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ದುಡ್ಡಂತೂ ಕೊಟ್ಟಿಲ್ಲ.

ಶನಿವಾರದ ಕಾಟ ಇನ್ನೂ ಪೂರ್ತಿ ಹೋಗಿಲ್ಲ. ಶನಿವಾರ ಆಪರೇಷನ್ ಆದರೆ ಬಕೆಟ್ ಲ್ಯಾಬಿಗೆ ಬರೋದು ಮಂಗಳವಾರ, 72 ಗಂಟೆ ದಾಟುತ್ತೆ. ಬುಧವಾರಕ್ಕೆ ಹಾಕಿ ಅಂದರೆ ಮನೆಯವರು ಅಮಾವಾಸ್ಯೆ ಕಳೀಲಿ ಅಂತಾರೆ. ಈಗ ಪಂಚಾಂಗ ನೋಡಿಯೇ ಸರ್ಜನ್‌ಗೆ ಫೋನ್ ಮಾಡುತ್ತೇನೆ.

ಇದರಿಂದ ಎಣಿಸದ ಲಾಭವೂ ಆಯ್ತು. ಹರ್-2 ಬಣ್ಣದ ಪರೀಕ್ಷೆಗೆ ಸೊನ್ನೆಯಿಂದ 3+ ವರೆಗೆ ಅಂಕ. 2022ರಲ್ಲಿ ಡೆಸ್ಟಿನಿ-ಬ್ರೆಸ್ಟ್04 ಟ್ರಯಲ್‌ನ ಫಲಿತಾಂಶ ಬಂದ ಮೇಲೆ 1+ ಇದ್ದವರೂ, 2+ ಇದ್ದು ಫಿಶ್ (ಜೀನ್ ಎಣಿಸುವ ಪರೀಕ್ಷೆ) ನೆಗೆಟಿವ್ ಆದವರೂ ಹರ್-2 ಲೋ ಆದರು, ಅಂದರೆ ಹರ್-2 ಮದ್ದಿಗೆ ಅರ್ಹರಾದರು. ನೆಗೆಟಿವ್ ಅಂತ ಮೂಲೆಗಿಟ್ಟಿದ್ದ ಬ್ಲಾಕ್ ಎಲ್ಲ ಮತ್ತೆ ಹೊರಗೆ ಬಂದವು. ಸೊನ್ನೆಗೂ ಒಂದಕ್ಕೂ ನಡುವಿನ ಗೆರೆ ಎಷ್ಟು ಸಣ್ಣದು ಅಂತ ಓದುವವರಿಗೆ ಗೊತ್ತಲ್ವಾ? ನಮ್ಮ ಬಕೆಟ್ಟಿನ ಬ್ಲಾಕ್‌ಗಳಲ್ಲಿ ತಕರಾರು ಬಹಳ ಕಡಿಮೆ. ಬ್ಲಾಕಿನಿಂದ ಸ್ಲೈಡ್ ಮೊದಲೇ ಕತ್ತರಿಸಿ ಇಡಬೇಡಿ, ಆರು ವಾರದ ಮೇಲೆ ಅದು ಕೆಲಸಕ್ಕೆ ಬರಲ್ಲ. ಏಪ್ರಿಲ್ ಬಿಸಿಲಿಗೆ ಕೊರಿಯರ್ ಮಾಡುವಾಗ ಜೆಲ್ ಪ್ಯಾಕ್ ಹಾಕಿ, ಮೇಣ ಮೆತ್ತಗಾಗುತ್ತೆ.

ಮೂಳೆಗೆ ಹರಡಿದವರ ಸ್ಯಾಂಪಲ್‌ಗೆ ಬಕೆಟ್ ಉಪಯೋಗವಿಲ್ಲ. ಆ್ಯಸಿಡ್‌ನಲ್ಲಿ ಮೆತ್ತಗೆ ಮಾಡಿದರೆ ಫಿಶ್ ಕೆಡುತ್ತೆ. ಅದರ ಬದಲು ಇಡಿಟಿಎಯಲ್ಲಿ (ಮೂಳೆಯ ಕ್ಯಾಲ್ಸಿಯಂ ಎಳೆಯುವ ರಾಸಾಯನಿಕ) ಹಾಕಿ ನೋಡುತ್ತಿದ್ದೇವೆ. ನಿಧಾನ, ಸ್ಪಾನ್ಸರ್ ಕಡೆಯಿಂದ ತಪಾಸಣೆಗೆ ಬರುವ ಮಾನಿಟರ್‌ಗೆ ತಾಳ್ಮೆ ಇಲ್ಲ. ಫಲಿತಾಂಶ ಸದ್ಯಕ್ಕೆ ಪರವಾಗಿಲ್ಲ ಅನ್ನುವಂತಿದೆ.